ಮೂರನೆಯ ಜಾಗದ ಹೊದಿಕೆ

ನಮ್ಮ ಚರ್ಚಿನಲ್ಲಿ ನೋಡುವಂಥದ್ದು ಏನೂ ಇಲ್ಲ. ಹಲಗೆಯ ಗೋಡೆ, ಅದಕ್ಕೆ ಸುಣ್ಣ, ಮೇಲೆ ತಗಡು, ಮುಂದೆ ಒಂದು ಮರದ ಶಿಲುಬೆ. ಚಿತ್ರವಿಲ್ಲ, ಪ್ರತಿಮೆಯಿಲ್ಲ, ಬಣ್ಣದ ಗಾಜಿಲ್ಲ. ಮಳೆ ಜೋರಾದರೆ ಪಾದ್ರಿಯ ಮಾತು ಕೇಳಿಸುವುದಿಲ್ಲ, ಅದರಿಂದ ಯಾರಿಗೂ ನಷ್ಟವಾದದ್ದನ್ನು ನಾನು ಕಂಡಿಲ್ಲ. ಹತ್ತೊಂಬತ್ತು ವರ್ಷದಿಂದ ಆ ಗೋಡೆಗೆ ಬಟ್ಟೆ ಇಳಿಬಿಟ್ಟು ದೀಪ ಇಡುವವಳು ನಾನು. ಮದುವೆಗೆ, ಸುಗ್ಗಿಯ ಭಾನುವಾರಕ್ಕೆ, ಕ್ರಿಸ್‌ಮಸ್ಸಿಗೆ, ಎಲ್ಲಕ್ಕೂ ನಾನೇ. ಯಾರಾದರೂ ಉಲೊಸ್ ಬಟ್ಟೆಗೆ ಮೊಳೆ ಹೊಡೆದರೆ ಅವರ ಕೈ ಮುರಿಯುತ್ತೇನೆ ಅಂತ ಊರಿಗೆಲ್ಲ ಗೊತ್ತು. ಒಬ್ಬ ಹೆಂಗಸು ಸೊಂಟ ಬಗ್ಗಿಸಿ ಎರಡು ತಿಂಗಳು ನೇಯ್ದ, ಹೊದೆಯುವ ಬಟ್ಟೆ ಅದು. ಅದಕ್ಕೆ ತುಕ್ಕು ಹಿಡಿದ ಮೊಳೆ ಹೊಡೆಯುವವರಿಗೆ ಏನನ್ನಬೇಕು?

ವರ್ಷದಲ್ಲಿ ಒಂದು ಭಾನುವಾರದ ಅಲಂಕಾರ ಮಾತ್ರ ಬೇರೆ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರ ಶುರುವಾಗುವ ಮೊದಲು, ಚರ್ಚಿನ ವರ್ಷ ಮುಗಿಯುವ ಆ ದಿನ, ವರ್ಷದಲ್ಲಿ ಸತ್ತವರ ಹೆಸರು ಓದುತ್ತಾರೆ. ಸಾವಾದ ಒಂದೊಂದು ಮನೆಯ ಹಿರಿಯರೂ ಒಂದೊಂದು ಉಲೊಸ್ ಕೊಡುತ್ತಾರೆ. ನಾನು ಅದನ್ನು ಪೀಠದ ಹಿಂದೆ ಹಗ್ಗಕ್ಕೆ ಇಳಿಬಿಡುತ್ತೇನೆ, ಸತ್ತ ಕ್ರಮದಲ್ಲೇ, ಎಡದಿಂದ ಬಲಕ್ಕೆ. ಒಂದೊಂದರ ಕೆಳಗೂ ಒಂದು ದೀಪ. ಮನೆಯವರೊಬ್ಬರು ಎದ್ದು ನಿಂತು ಸತ್ತವರ ಹೆಸರು ಹೇಳಬೇಕು, ಸಭೆಯ ಹಿರಿಯರು ಅದನ್ನು ಪುಸ್ತಕ ನೋಡಿ ಓದಬೇಕು, ಗಂಟೆ ಒಂದು ಸಲ ಹೊಡೆಯಬೇಕು. ಬಟ್ಟೆ ಬಾರದ ಮನೆಯ ಹೆಸರು ಓದುವುದಿಲ್ಲ. ಅಂದು ಓದದ ಹೆಸರನ್ನು ಮುಂದೆ ಯಾವತ್ತೂ ಓದುವುದಿಲ್ಲ, ಯಾಕೆಂದರೆ ಸಂಜೆಯೊಳಗೆ ಆ ವರ್ಷದ ಪುಟದ ಕೆಳಗೆ ಗೆರೆ ಎಳೆದು ಮುಗಿಸಿಬಿಡುತ್ತಾರೆ.

ಹೋದ ನವೆಂಬರಿನಲ್ಲಿ, ಆ ಭಾನುವಾರಕ್ಕೆ ಐದು ದಿನ ಇರುವಾಗ, ಸಭೆಯ ಹಿರಿಯ ಮರೊಲೊಪ್ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಮನೆಗೆ ಬಂದರು. ಜಗುಲಿಯಲ್ಲಿ ಕೂತರು. ಕಾಫಿ ಕೊಟ್ಟೆ. ಮಳೆಯ ವಿಷಯ ಮಾತಾಡಿದರು, ಹಂದಿಮರಿಯ ವಿಷಯ ಮಾತಾಡಿದರು, ಚರ್ಚಿನ ತಗಡು ಸೋರುವ ವಿಷಯವನ್ನು ಎರಡು ಸಲ ಹೇಳಿದರು. ಬಂದ ವಿಷಯ ಬಾಯಿಗೆ ಬಾರದೆ ಒದ್ದಾಡುತ್ತಿದ್ದಾರೆ ಅಂತ ಗೊತ್ತಿತ್ತು. ನಾನು ಸಹಾಯ ಮಾಡಲಿಲ್ಲ.

ಕೊನೆಗೆ ಕೇಳಿದರು. "ಎಷ್ಟು ದೀಪ ಇಡ್ತೀಯ, ನಾಯ್ ರುಗುನ್?"

ನನ್ನನ್ನು ಎಲ್ಲರೂ ಕರೆಯುವುದು ಹಾಗೇ, ರುಗುನ್‌ಳ ತಾಯಿ ಅಂತ.

"ಪುಸ್ತಕ ನಿಮ್ಮ ಕಂಕುಳಲ್ಲಿದೆ. ನನ್ನ ಕೇಳ್ತೀರಲ್ಲ."

"ಪುಸ್ತಕದಲ್ಲಿ ಐದಿದೆ." ಕೆಮ್ಮಿದರು. "ಮಧ್ಯ ಒಂದು ಸಾಲು ಬಿಟ್ಟು ಬರ್ದಿದೀನಿ. ನಿಮ್ಮನೆಯಿಂದ ಬಟ್ಟೆ ಬಂದ್ರೆ ಆರು."

ಒಳಗಿನಿಂದ ನನ್ನ ಅತ್ತೆಯ ದನಿ ಬಂತು. "ನಮ್ಮನೇಲಿ ಯಾರು ಸತ್ತಿದಾರೆ ಮರೊಲೊಪ್? ನೀನು ನೋಡಿದೀಯಾ?"

"ಇಲ್ಲ, ಓಂಪುಂಗ್." ಅಜ್ಜಿಯಾದವರನ್ನು ನಮ್ಮಲ್ಲಿ ಕರೆಯುವುದು ಹಾಗೆ.

"ಹಾಗಾದ್ರೆ ಕಾಫಿ ಕುಡಿದು ಹೊರಡು."

ಎಪ್ಪತ್ತು ದಾಟಿದ ಹಿರಿಯ ಮರೊಲೊಪ್ ಬೈಸಿಕೊಂಡ ಶಾಲೆಯ ಹುಡುಗನಂತೆ ಎದ್ದುನಿಂತರು. ಮೆಟ್ಟಿಲ ಹತ್ತಿರ ದನಿ ತಗ್ಗಿಸಿ, "ಈ ಭಾನುವಾರ ತಪ್ಪಿದ್ರೆ ಆಯ್ತು ಕಣಮ್ಮ. ಆಮೇಲೆ ನನ್ನ ಕೈಲಿಲ್ಲ," ಅಂದರು.

"ಐದು," ಅಂದೆ ನಾನು.

ರುಗುನ್‌ಳ ಅಪ್ಪ ಮಾರ್ಚ್ ತಿಂಗಳಲ್ಲಿ ಹೋದರು. ನಮ್ಮದು ತೋಬಾ ಸರೋವರದ ದಂಡೆಯ ಊರು. ಅವರು ನೀರಿನ ಮೇಲೆ ತೇಲಿಸಿದ ಬಲೆಗಳಲ್ಲಿ ಮೀನು ಸಾಕುತ್ತಿದ್ದರು. ಬೆಳಿಗ್ಗೆ ಮೀನಿಗೆ ತೌಡು ಹಾಕಲು ದೋಣಿ ತೆಗೆದುಕೊಂಡು ಹೋದರು, ಬೆಟ್ಟದ ಕಡೆಯಿಂದ ಗಾಳಿ ಇಳಿಯಿತು. ಮಧ್ಯಾಹ್ನ ದೋಣಿ ಮಗುಚಿಕೊಂಡು ಸಿಕ್ಕಿತು. ತೌಡಿನ ಬಕೆಟ್ಟೂ ಸಿಕ್ಕಿತು. ಅವರು ಸಿಗಲಿಲ್ಲ. ಏಳು ದಿನ ಹುಡುಕಿದರು. ನಮ್ಮ ನೀರು ಬಲು ಆಳ, ಕೆಳಗೆ ಬಲು ತಣ್ಣಗೆ, ಅಲ್ಲಿಗೆ ಹೋದದ್ದನ್ನು ಅದು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಹುಡುಕುವಾಗ ಗಂಡಸರು ದೋಣಿಗಳಿಂದ ಅವರ ಹೆಸರು ಹಿಡಿದು ಕೂಗುತ್ತಿದ್ದರು. ನಾನು ದಂಡೆಯಲ್ಲಿ ನಿಂತು "ರುಗುನ್ ಅಪ್ಪಾ" ಅಂತ ಕೂಗಿದೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಂದು ದಿನವೂ ಅವರ ಹೆಸರು ನನ್ನ ನಾಲಿಗೆಯ ಮೇಲೆ ಬಂದಿರಲಿಲ್ಲ, ಜಗಳದಲ್ಲೂ. ಆಮೇಲೆ ಎಷ್ಟೋ ಸಲ ಅನ್ನಿಸಿದೆ, ಹೆಸರು ಹಿಡಿದು ಕೂಗಿದ್ದರೆ ತಿರುಗುತ್ತಿದ್ದರೋ ಏನೋ. ಮೂರ್ಖ ಯೋಚನೆ. ಆದರೂ ಅನ್ನಿಸುತ್ತದೆ.

ನಾನು ಅಳಲಿಲ್ಲ. ಧೈರ್ಯವಂತೆ ಅಂತಲ್ಲ, ಅಳು ಬರಲಿಲ್ಲ ಅಷ್ಟೆ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಕೈ ಜೋಮು ಹಿಡಿಯುತ್ತದಲ್ಲ, ಆ ಕೈ ನಮ್ಮದೇ ಆದರೂ ಬೇರೆಯವರದು ಅನ್ನಿಸುತ್ತದಲ್ಲ, ನನಗೆ ಮೈಯೆಲ್ಲ ಹಾಗಾಗಿತ್ತು. ಹಂದಿಗೆ ಮೇವು ಹಾಕುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ, ಬಲೆಯ ಮೀನು ಮಾರಿದೆ. ಮೇದಾನ್ ಪಟ್ಟಣದಲ್ಲಿ ನರ್ಸಿಂಗ್ ಓದುವ ಮಗಳು ರುಗುನ್ ಫೋನಿನಲ್ಲಿ ಬಿಕ್ಕುತ್ತಿದ್ದರೆ ನಾನು ಈ ಕಡೆಯಿಂದ "ಊಟ ಆಯ್ತಾ, ಕೊಡೆ ತಗೊಂಡು ಹೋಗು" ಅನ್ನುತ್ತಿದ್ದೆ. ಅವಳು ಒಂದು ಸಲ ಕೇಳಿಯೇ ಬಿಟ್ಟಳು, "ಅಮ್ಮಾ, ನಿಂಗೇನೂ ಅನ್ಸಲ್ವಾ?" ಅಂತ. ಏನು ಹೇಳಲಿ? ಅನ್ನಿಸುವ ಜಾಗವೇ ಸಿಗುತ್ತಿಲ್ಲ ಅಂತ ಹೇಳಲೇ?

ಅತ್ತೆಯದು ಇನ್ನೊಂದು ಬಗೆ. ಹೆಣ ಎಲ್ಲಿ ಅಂತ ಕೇಳುತ್ತಿದ್ದರು. ಹೆಣವಿಲ್ಲದ ಮೇಲೆ ಸಾವೆಲ್ಲಿ? ಯಾವುದಾದರೂ ದಂಡೆಗೆ ಈಜಿ ಹೋಗಿದ್ದಾನೆ, ತಲೆಗೆ ಪೆಟ್ಟು ಬಿದ್ದು ಊರು ಮರೆತಿದ್ದಾನೆ, ಬರುತ್ತಾನೆ. ತಮ್ಮ ಮಗನನ್ನು ಮಗುವಾಗಿದ್ದಾಗ ಬೆನ್ನಿಗೆ ಕಟ್ಟಿಕೊಂಡು ತಿರುಗಿದ ಉಲೊಸ್ ಒಂದಿತ್ತು, ಅವರ ತವರಿನಿಂದ ಬಂದದ್ದು, ಒಂದು ಕಡೆ ಅಂಗೈಯಗಲ ಸವೆದದ್ದು. ಮಾರ್ಚಿನಿಂದ ಅದನ್ನು ಹೆಗಲ ಮೇಲಿಂದ ಇಳಿಸಿರಲಿಲ್ಲ. "ನೆನೆದು ಬರ್ತಾನೆ ಕಣೇ, ಚಳಿ ಆಗತ್ತೆ ಅವನಿಗೆ, ಕೈಗೆ ಸಿಗೋ ಹಾಗಿರ್ಲಿ," ಅನ್ನುತ್ತಿದ್ದರು. ದಿನಾ ಸಂಜೆ ಊಟಕ್ಕೆ ಮೂರು ತಟ್ಟೆ ಇಡುತ್ತಿದ್ದರು. ಮೂರನೆಯದಕ್ಕೆ ಅನ್ನ ಬಡಿಸಿ, ಮೀನಿನ ತಲೆ ಅದಕ್ಕೇ ಹಾಕಿ, ಮುಚ್ಚಿ ಇಡುತ್ತಿದ್ದರು. ಬೆಳಿಗ್ಗೆ ಅದನ್ನು ಹಂದಿಗೆ ಸುರಿಯುವವಳು ನಾನು. ಎಂಟು ತಿಂಗಳು, ಒಂದು ದಿನ ಬಿಡದೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಅದೂ ಬರಲಿಲ್ಲ.

ನಮ್ಮಲ್ಲಿ ಗಂಡ ಸತ್ತವಳ ತಲೆಯ ಮೇಲೆ ಅವಳ ತವರಿನವರು ಒಂದು ಕಡುನೀಲಿ ಉಲೊಸ್ ಹೊದಿಸುತ್ತಾರೆ, ಮುಖ ಕಾಣದ ಹಾಗೆ. ಅದನ್ನು ತುಜುಂಗ್ ಅನ್ನುತ್ತಾರೆ. ಅದರ ಕೆಳಗೆ ಅವಳು ಅಳಬಹುದು, ದೇವರನ್ನು ಬೈಯಬಹುದು, ಸುಮ್ಮನೆ ಬಿದ್ದಿರಬಹುದು. ಕೆಲವು ದಿನ ಕಳೆದು ಅದೇ ತವರಿನವರು ಬಂದು ಅದನ್ನು ತೆಗೆದು ಮುಖ ತೊಳೆಸುತ್ತಾರೆ, ಅಲ್ಲಿಗೆ ಅವಳು ಮತ್ತೆ ಬದುಕಬಹುದು. ತಾನಾಗಿ ಹೊದ್ದುಕೊಳ್ಳುವ ಹಾಗಿಲ್ಲ, ತಾನಾಗಿ ತೆಗೆಯುವ ಹಾಗೂ ಇಲ್ಲ. ನನಗೆ ಆ ಬಟ್ಟೆ ಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಹಸಿದವಳಿಗೆ ಅನ್ನ ಬೇಕಾಗುವ ಹಾಗೆ ಬೇಕಿತ್ತು. ನನ್ನ ಅಣ್ಣ ಬೊನಾರ್ ಅದನ್ನು ಆಗಲೇ ಕೊಂಡು ಪೆಟ್ಟಿಗೆಯಲ್ಲಿಟ್ಟಿದ್ದ. ಆದರೆ ಸಾವೇ ಆಗಿಲ್ಲ ಅನ್ನುವ ಮನೆಗೆ ಅದನ್ನು ಹೊತ್ತುಕೊಂಡು ಯಾವ ಮುಖದಿಂದ ಬರುತ್ತಾನೆ? "ಚರ್ಚಲ್ಲಿ ಒಂದು ಸಲ ಹೆಸರು ಓದ್ಲಿ ಇತೊ," ಅಂದಿದ್ದ. ಇತೊ ಅನ್ನುವುದು ನಮ್ಮಲ್ಲಿ ಅಣ್ಣ ತಂಗಿಯರು ಒಬ್ಬರನ್ನೊಬ್ಬರು ಕರೆಯುವ ಮಾತು. "ಓದಿದ ಒಂದು ಗಂಟೆಯೊಳಗೆ ಬರ್ತೀನಿ. ಅದಕ್ಕೆ ಮುಂಚೆ ಬಂದ್ರೆ ನಿಮ್ಮತ್ತೆ ನನ್ನ ಪೊರಕೇಲಿ ಗುಡಿಸಿ ನೀರಿಗೆ ಹಾಕ್ತಾರೆ."

ಹೆಸರು ಓದಬೇಕಾದರೆ ಬಟ್ಟೆ ಬೇಕು. ಬಟ್ಟೆಯನ್ನು ಮನೆಯ ಹಿರಿಯರು ಕೊಡಬೇಕು. ಮನೆಯ ಹಿರಿಯರೆಂದರೆ ಅತ್ತೆ.

ಗುರುವಾರ ಕೆಲಸ ಶುರು ಮಾಡಿದೆ. ಭತ್ತ ಒಣಗಿಸುವ ಚಾಪೆಯ ಮೇಲೆ ಕಾಲು ಚಾಚಿ ಕೂತೆ. ಹಗ್ಗಕ್ಕೆ ಬಿದಿರಿನ ತುಂಡು ಸಿಕ್ಕಿಸಲು ಕುಣಿಕೆಗಳನ್ನು ಹಾಕಿದೆ, ಒಂದೊಂದು ಬಟ್ಟೆಗೆ ಒಂದೊಂದು. ಹಾಲಿನ ಡಬ್ಬಗಳನ್ನು ಉದ್ದಕ್ಕೆ ಸೀಳಿ ಅರ್ಧ ಮಾಡಿದೆ. ದೀಪದ ಮುಂದೆ ಆ ಅರ್ಧ ಡಬ್ಬ ನಿಲ್ಲಿಸಿದರೆ ಬೆಳಕು ಜನರ ಕಣ್ಣಿಗೆ ಚುಚ್ಚುವುದಿಲ್ಲ, ಹಿಂದೆ ತಿರುಗಿ ಬಟ್ಟೆಯ ಮೇಲೆ ಮಾತ್ರ ಏರುತ್ತದೆ. ಈ ಉಪಾಯ ನನ್ನದೇ. ಪಕ್ಕದೂರಿನ ಚರ್ಚಿನವರು ಕದ್ದರು, ಹಾಳಾಗಿ ಹೋಗಲಿ, ಅವರ ಡಬ್ಬಗಳ ಅಂಚು ಅಂಕುಡೊಂಕು. ಅತ್ತೆ ಎದುರಿಗೇ ಕೂತು ಸೊಪ್ಪು ಬಿಡಿಸುತ್ತಾ ನನ್ನ ಕೈ ನೋಡುತ್ತಿದ್ದರು.

ಶನಿವಾರ ಬೆಳಿಗ್ಗೆ ಬಟ್ಟೆ ಏರಿಸಲು ಅಣ್ಣನ ಹೆಂಡತಿ ತಿಯೊಲಿನ್ ತನ್ನ ಮನೆಯ ಏಣಿ ಹೊತ್ತುಕೊಂಡು ಬಂದಳು. ನಾವಿಬ್ಬರೂ ಒಬ್ಬರಿಗೊಬ್ಬರು ಎದಾ, ಅಂದರೆ ಅತ್ತಿಗೆ ನಾದಿನಿ. ಅವಳಿಗೆ ಬಾಯಿ ಜಾಸ್ತಿ, ನನಗೂ ಕಡಿಮೆಯಿಲ್ಲ. ಹಿಂದೆಲ್ಲ ನಾವು ಅಲಂಕಾರಕ್ಕೆ ನಿಂತರೆ ಗಂಟೆ ಹೊಡೆಯುವ ಮುದುಕ ಹೊರಗೆ ಹೋಗಿ ಕೂರುತ್ತಿದ್ದ.

"ಈ ಬಟ್ಟೆ ನೋಡು ಎದಾ," ಅಂದಳು, ಜನವರಿಯಲ್ಲಿ ತೀರಿಕೊಂಡ ಮುದುಕಿಯ ಮನೆಯ ಉಲೊಸ್ ಬಿಚ್ಚುತ್ತಾ. "ಬದುಕಿದ್ದಾಗ ಸೊಸೆಗೆ ಮುಟ್ಟೋಕೆ ಬಿಡ್ಲಿಲ್ಲ. ಈಗ ನೋಡು, ಇಲಿ ಮೂಲೆ ತಿಂದಿದೆ."

"ಆ ಮೂಲೆ ಒಳಗೆ ಮಡಚು. ಅಂಚಿನ ಗೊಂಡೆ ಕೆಳಗೆ ಬರ್ಲಿ. ಎಳೀಬೇಡ ಅಂದೆ."

"ಎಳೀತಿಲ್ಲಮ್ಮ, ನೇವರಿಸ್ತಿದೀನಿ. ನಿನ್ನ ಗಂಡನಿಗಿಂತ ಹೆಚ್ಚಾಗಿ ಈ ಬಟ್ಟೆಗಳನ್ನ ನೋಡ್ಕೊಂಡಿದೀಯ ನೀನು."

ಹೇಳಿಬಿಟ್ಟಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ನಾನು ಏಣಿಯ ಮೇಲಿದ್ದೆ. ನೋವಾಯಿತೇ ಅಂತ ನನ್ನೊಳಗೆ ಹುಡುಕಿ ನೋಡಿದೆ. ಇಲ್ಲ, ಏನೂ ಆಗಿರಲಿಲ್ಲ.

"ಮುಂದಿನದು ಕೊಡು," ಅಂದೆ.

ಜನವರಿಯ ಮುದುಕಿ. ಫೆಬ್ರವರಿಯಲ್ಲಿ ಮರದಿಂದ ಬಿದ್ದ ಹೆಂಡ ಇಳಿಸುವವನು. ಮೇ ತಿಂಗಳಲ್ಲಿ ಹೋದ ಹನ್ನೊಂದು ದಿನದ ಕೂಸು, ಅದರದು ಚಿಕ್ಕ ಬಟ್ಟೆ, ಕೂಸು ಹೊರುವ ಉಲೊಸ್, ಹೊಸದು, ಒಂದು ಸಲವೂ ಬೆನ್ನಿಗೆ ಕಟ್ಟದ್ದು. ಜುಲೈಯ ಶಾಲಾ ಮಾಸ್ತರು. ಅಕ್ಟೋಬರಿನಲ್ಲಿ, ಹತ್ತೊಂಬತ್ತು ಮೊಮ್ಮಕ್ಕಳನ್ನು ಕಂಡು ಸತ್ತ ಮುದುಕ, ಅವನದು ಎಲ್ಲಕ್ಕಿಂತ ದೊಡ್ಡದು, ಕೆಂಪು ನೆಲದ ಮೇಲೆ ಬಿಳಿ ಹೆಣಿಗೆ. ಒಂದೊಂದನ್ನೂ ಏರಿಸಿ, ಕೆಳಗೆ ದೀಪ, ದೀಪದ ಮುಂದೆ ಡಬ್ಬ ಇಟ್ಟೆ. ಕಿಟಕಿಗಳನ್ನು ಮುಚ್ಚಿಸಿ ಬತ್ತಿ ಹಚ್ಚಿ ನೋಡಲು ಹಿಂದಿನ ಬೆಂಚಿನವರೆಗೆ ಹೋದೆ. ಬೆಳಕು ಬಟ್ಟೆಗಳ ಮೇಲೆ ಚೆನ್ನಾಗಿ ಏರಿತ್ತು. ಕೆಲಸ ಚೆನ್ನಾಗಿದೆ ಅಂತ ತಲೆಗೆ ಗೊತ್ತಾಯಿತು.

ತಿಯೊಲಿನ್ ಪಕ್ಕದಲ್ಲಿ ಬಂದು ನಿಂತಳು.

"ಎದಾ," ಅಂದಳು. "ಎಷ್ಟು ಬಟ್ಟೆ?"

"ಐದು."

"ದೀಪ ಎಣಿಸು."

ಎಣಿಸಿದೆ. ಆರಿತ್ತು. ಫೆಬ್ರವರಿಯವನ ಬಟ್ಟೆ ಆದಮೇಲೆ ಒಂದು ಕುಣಿಕೆ ಖಾಲಿ ಇತ್ತು, ಅದರಾಚೆ ಮೇ ತಿಂಗಳ ಕೂಸಿನದು. ಖಾಲಿ ಕುಣಿಕೆಯ ಕೆಳಗೆ ದೀಪ ಉರಿಯುತ್ತಿತ್ತು, ದೀಪದ ಮುಂದೆ ಡಬ್ಬ ನೆಟ್ಟಗೆ ನಿಂತಿತ್ತು, ಬೆಳಕು ಬರಿ ಹಲಗೆಯ ಮೇಲೆ ಏರಿ ಮರದ ಗಂಟನ್ನು, ಸುಣ್ಣ ಎದ್ದ ಕಲೆಯನ್ನು ತೋರಿಸುತ್ತಿತ್ತು. ಗುರುವಾರ ಆರು ಕುಣಿಕೆ ಹಾಕಿದವಳು ನಾನು. ಆರು ಡಬ್ಬ ಸೀಳಿದವಳು ನಾನು. ಈಗ ಏಣಿಯ ಮೇಲೆ ನಿಂತು ಮೂರನೆಯದನ್ನು ದಾಟಿ ನಾಲ್ಕನೆಯದಕ್ಕೆ ಕೂಸಿನ ಬಟ್ಟೆ ಏರಿಸಿದವಳೂ ನಾನೇ. ಒಂದು ಸಲವೂ ನನಗೆ ತಿಳಿದಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಮಾರ್ಚಿಗೆ ಜಾಗ ಬಿಟ್ಟಿತ್ತು.

ಮೊದಲು ಬಂದದ್ದು ಸಿಟ್ಟು. ಹತ್ತೊಂಬತ್ತು ವರ್ಷದಲ್ಲಿ ನಾನು ಒಂದು ಗೇಣು ಲೆಕ್ಕ ತಪ್ಪಿದವಳಲ್ಲ. ನಮ್ಮ ಸಭೆಯಲ್ಲಿ ಓದು ಬಾರದ ಮುದುಕಿಯರಿಗೂ ಈ ಸಾಲನ್ನು ಓದಲು ಬರುತ್ತದೆ. ಫೆಬ್ರವರಿ, ಖಾಲಿ, ಮೇ. ಸೊಸೆ ಅತ್ತೆಗೆ ಎಲ್ಲರೆದುರು ತಿರುಗಿ ಬಿದ್ದಳು ಅಂತ ಓದುತ್ತಾರೆ.

"ಕೆಳಗೆ ಇಳಿಸ್ಬೇಕು ಎಲ್ಲಾನೂ," ಅಂದೆ. "ಕುಣಿಕೆ ಬಿಚ್ಚಿ ಮತ್ತೆ ಕಟ್ಬೇಕು. ಏಣಿ ಹಿಡಿ."

"ಹಿಡಿಯಲ್ಲ."

"ತಿಯೊಲಿನ್."

"ಏಣಿ ನಮ್ಮನೇದು. ನಂಗೆ ಕೋಳಿಗೂಡಿನ ಮೇಲೆ ಹತ್ತೋದಿದೆ." ಏಣಿಯನ್ನು ಹೆಗಲಿಗೇರಿಸಿಯೇ ಬಿಟ್ಟಳು. ಬಾಗಿಲ ಹತ್ತಿರ ತಿರುಗಿ ನಿಂತಳು. "ನೀನು ಎಂಟು ತಿಂಗಳಿಂದ ಒಂದು ಮಾತು ನಿಜ ಹೇಳಿಲ್ಲ ಎದಾ. ನಿನ್ನ ಕೈ ಹೇಳಿದೆ. ಅದನ್ನೂ ಬಾಯಿ ಮುಚ್ಚಿಸ್ಬೇಡ."

ಹೋದಳು. ಗಂಟೆಯ ಮುದುಕನನ್ನು ಕಳಿಸಿ ಇನ್ನೊಂದು ಏಣಿ ತರಿಸಬಹುದಿತ್ತು. ಊರಿನಲ್ಲಿ ಏಣಿಗೇನು ಬರವೇ? ನಾನು ಬೆಂಚಿನ ಮೇಲೆ ಕೂತೆ. ಆ ಬರಿ ಹಲಗೆಯನ್ನು ನೋಡುತ್ತಾ ಮಧ್ಯಾಹ್ನದ ತನಕ ಕೂತಿದ್ದು, ದೀಪಗಳನ್ನು ಆರಿಸಿ ಮನೆಗೆ ಹೋದೆ. ಏಣಿ ತರಿಸಲಿಲ್ಲ. ಯಾಕೆ ತರಿಸಲಿಲ್ಲ ಅಂತ ಕೇಳಿದರೆ ಇವತ್ತಿಗೂ ಹೇಳಲು ಬರುವುದಿಲ್ಲ. ಸುಸ್ತಾಗಿತ್ತು ಅನ್ನಬಹುದು.

ಭಾನುವಾರ ಒಂಬತ್ತಕ್ಕೆ ಚರ್ಚು ತುಂಬಿತು. ಎಡಗಡೆ ಹೆಂಗಸರು, ಬಲಗಡೆ ಗಂಡಸರು. ರುಗುನ್‌ಗೆ ಪರೀಕ್ಷೆ, ಬರಲಾಗಿರಲಿಲ್ಲ. ಅತ್ತೆ ಯಾವಾಗಿನಂತೆ ಮೊದಲ ಬೆಂಚಿನ ತುದಿಯಲ್ಲಿ, ಹೆಗಲ ಮೇಲೆ ಅದೇ ಸವೆದ ಬಟ್ಟೆ. ಪಕ್ಕದಲ್ಲಿ ನಾನು. ಕಿಟಕಿ ಮುಚ್ಚಿದರು, ಗಂಟೆಯ ಮುದುಕ ದೀಪ ಹಚ್ಚುತ್ತಾ ಬಂದ, ಆರೂ ಹಚ್ಚಿದ. ಹಿಂದಿನ ಬೆಂಚುಗಳಲ್ಲಿ ಪಿಸುಮಾತು ಎದ್ದಿತು. ಅತ್ತೆಯ ಮುಖದ ಕಡೆ ನಾನು ನೋಡಲಿಲ್ಲ. ತೊಡೆಯ ಮೇಲಿದ್ದ ಅವರ ಕೈ ಮಾತ್ರ ಕಾಣುತ್ತಿತ್ತು, ಅದು ಅಲ್ಲಾಡದೆ ಬಿದ್ದಿತ್ತು.

ಮರೊಲೊಪ್ ಪುಸ್ತಕ ತೆರೆದರು. ಜನವರಿಯ ಮುದುಕಿಯ ಮಗ ಎದ್ದು ಹೆಸರು ಹೇಳಿದ, ಅವರು ಓದಿದರು, ಗಂಟೆ ಹೊಡೆಯಿತು. ಹೆಂಡ ಇಳಿಸುವವನ ತಮ್ಮ ಎದ್ದು ಹೇಳಿದ, ಗಂಟೆ ಹೊಡೆಯಿತು. ಮೂರನೆಯ ಜಾಗ. ಮರೊಲೊಪ್ ಕಣ್ಣೆತ್ತಿ ಬರಿ ಹಲಗೆಯನ್ನು ನೋಡಿದರು, ಪುಸ್ತಕದಲ್ಲಿ ತಾವು ಬಿಟ್ಟ ಖಾಲಿ ಸಾಲನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕಾಲಿನ ಹೆಬ್ಬೆರಳು ನೋಡಿಕೊಂಡೆ. ಅವರು ನಿಧಾನಕ್ಕೆ ಬೆರಳನ್ನು ಮುಂದಿನ ಸಾಲಿಗೆ ಸರಿಸಿದರು. ಮೇ ತಿಂಗಳ ಕೂಸಿನ ತಾಯಿ ಏಳಲು ಬೆಂಚು ಹಿಡಿದುಕೊಂಡಳು. ಮುಗಿಯಿತು ಅಂದುಕೊಂಡೆ. ಮುಗಿದರೆ ಮುಗಿಯಲಿ ಅಂತಲೂ ಅಂದುಕೊಂಡೆ.

"ತಡಿ," ಅಂದರು ಅತ್ತೆ.

ದೊಡ್ಡ ದನಿಯಲ್ಲ. ಎದ್ದು ನಿಂತರು, ಕೋಲು ಊರಿಕೊಂಡು ಪೀಠದ ಹತ್ತಿರ ಹೋದರು, ಆ ಬರಿ ಹಲಗೆಯ ಮುಂದೆ ನಿಂತು ಕತ್ತೆತ್ತಿ ನೋಡಿದರು. ಹಲಗೆಯ ಸಂದಿನಿಂದ ಗಾಳಿ ಬರುತ್ತಿತ್ತು. ಬಟ್ಟೆ ಇದ್ದ ಕಡೆ ಗೊತ್ತಾಗುತ್ತಿರಲಿಲ್ಲ, ಈ ಖಾಲಿ ಜಾಗದಲ್ಲಿ ಮಾತ್ರ ದೀಪ ತೊನೆಯುತ್ತಿತ್ತು. ಅತ್ತೆ ಹಲಗೆಯ ಮೇಲೆ ಅಂಗೈ ಇಟ್ಟು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಎಲ್ರಿಗೂ ಹೊದಿಸಿದೀಯ," ಅಂದರು. "ಮಾಸ್ತರಿಗೆ ಹೊದಿಸಿದೀಯ, ಹೆಂಡ ಇಳಿಸೋನಿಗೂ ಹೊದಿಸಿದೀಯ. ನನ್ನ ಮಗನ್ನೊಬ್ಬನ್ನ ಬರಿ ಮೈಲಿ ನಿಲ್ಲಿಸಿದೀಯಲ್ಲೇ. ಇಲ್ಲಿ ಗಾಳಿ ಬರ್ತಿದೆ."

ನಾನು ಎದ್ದೆ. ಪೀಠದ ಹತ್ತಿರ ಹೋದೆ.

ಅವರು ಹೆಗಲಿನ ಬಟ್ಟೆ ತೆಗೆದರು. ಎಂಟು ತಿಂಗಳಲ್ಲಿ ಮೊದಲ ಸಲ ಅವರ ಹೆಗಲು ಬರಿದಾದದ್ದನ್ನು ನೋಡಿದೆ. ಇಷ್ಟು ಚಿಕ್ಕ ಹೆಗಲೇ ಅಂತ ಅನ್ನಿಸಿತು.

"ನಂಗೆ ಎಟುಕಲ್ಲ. ನೀನೇ ಹಾಕು."

ಏಣಿ ಇಲ್ಲ. ಏಣಿಯನ್ನು ಹೊತ್ತುಕೊಂಡು ಹೋದವಳು ಮೂರನೆಯ ಬೆಂಚಿನಲ್ಲಿ ತೋಳಿನಿಂದ ಮುಖ ಒರೆಸುತ್ತಾ ಕೂತಿದ್ದಳು. ಮರೊಲೊಪ್ ತಾವು ಕೂರುವ ಕುರ್ಚಿಯನ್ನೇ ಎಳೆದು ತಂದರು. ಪೀಠದ ಮುಂದೆ ಹಿರಿಯರ ಕುರ್ಚಿಯ ಮೇಲೆ ಹೆಂಗಸೊಬ್ಬಳು ಹತ್ತಿದ್ದು ನಮ್ಮ ಚರ್ಚಿನಲ್ಲಿ ಅದೇ ಮೊದಲು. ಹತ್ತಿದೆ. ಬಟ್ಟೆ ಅತ್ತೆಯ ಮೈಯಿಂದ ಇನ್ನೂ ಬೆಚ್ಚಗಿತ್ತು. ಅದನ್ನು ಬಿದಿರಿನ ತುಂಡಿನ ಮೇಲೆ ಇಳಿಬಿಟ್ಟೆ, ಗೊಂಡೆ ಸರಿ ಮಾಡಿದೆ, ಎಳೆಯದೆ. ಪಕ್ಕದಲ್ಲಿ ಹನ್ನೊಂದು ದಿನದ ಕೂಸಿನ ಬಟ್ಟೆ ಇತ್ತು. ಎರಡೂ ಒಂದೇ ಅಳತೆ. ತಿಳಿಯದವರು ನೋಡಿದ್ದರೆ ಆ ವರ್ಷ ಊರಿನಲ್ಲಿ ಎರಡು ಕೂಸು ಸತ್ತಿವೆ ಅಂದುಕೊಳ್ಳಬೇಕು.

ಇಳಿದೆ. ಮರೊಲೊಪ್ ಪೆನ್ನು ತೆಗೆದುಕೊಂಡು ಖಾಲಿ ಸಾಲಿನ ಮೇಲೆ ಇಟ್ಟು ಕಾದರು. ಮನೆಯವರು ಹೆಸರು ಹೇಳಬೇಕು. ತಾಯಿ ಹೇಳಬಹುದು. ಅತ್ತೆ ಬಾಯಿ ತೆರೆದರು. ಏನೂ ಬರಲಿಲ್ಲ. ಮತ್ತೆ ತೆರೆದರು. ತುಟಿ ಅಲ್ಲಾಡಿತು, ಅಷ್ಟೇ. ಅವರ ಕೈ ನನ್ನ ಮೊಣಕೈ ಹಿಡಿಯಿತು. ನನ್ನ ಮುಖ ನೋಡಿ ತಲೆ ಆಡಿಸಿದರು, ನೀನು ಹೇಳು ಅನ್ನುವ ಹಾಗೆ.

ಹೆಂಡತಿ ಹೇಳುವ ಹಾಗಿಲ್ಲ ಅಂತ ಎಲ್ಲರಿಗೂ ಗೊತ್ತು, ಅತ್ತೆಗೂ ಗೊತ್ತು.

"ಹಪೊಸಾನ್," ಅಂದೆ.

ಇಪ್ಪತ್ತೆರಡು ವರ್ಷ ನನ್ನ ಜೊತೆ ಉಂಡು ಮಲಗಿದ ಮನುಷ್ಯನ ಹೆಸರು. ನನ್ನ ದನಿಯಲ್ಲಿ ಅದು ಹೇಗೆ ಕೇಳಿಸುತ್ತದೆ ಅಂತ ಅವರಿಗೆ ಯಾವತ್ತೂ ಗೊತ್ತಾಗಲಿಲ್ಲ. ನನಗೂ ಅಂದೇ ಗೊತ್ತಾದದ್ದು. ದಂಡೆಯಲ್ಲಿ ನಿಂತು ಕೂಗಬೇಕಿತ್ತು ಇದನ್ನು.

ಮರೊಲೊಪ್ ಬರೆದರು, ಓದಿದರು, ಗಂಟೆ ಹೊಡೆಯಿತು. ಅವರು ಬೆರಳನ್ನು ಮುಂದಿನ ಸಾಲಿಗೆ ಸರಿಸಿದಾಗ ಮೇ ತಿಂಗಳ ಕೂಸಿನ ತಾಯಿ ಎದ್ದು ನಿಂತಳು.

ಬೊನಾರ್ ಹೇಳಿದ ಮಾತಿನಂತೆ ಗಂಟೆಯೊಳಗೆ ಮನೆಗೆ ಬಂದ. ತಿಯೊಲಿನ್ ಜೊತೆಗಿದ್ದಳು, ತವರಿನ ಕಡೆಯ ಇನ್ನು ಕೆಲವರಿದ್ದರು. ಅತ್ತೆ ಪೊರಕೆ ತೆಗೆದುಕೊಳ್ಳಲಿಲ್ಲ, ತಾವೇ ಚಾಪೆ ಹಾಸಿದರು. ಕಡುನೀಲಿ ಉಲೊಸ್ ನನ್ನ ತಲೆಯ ಮೇಲೆ ಬಂತು. ಒಳಗೆ ಕತ್ತಲು, ನೀಲಿ ಬಣ್ಣದ ವಾಸನೆ, ಪೆಟ್ಟಿಗೆಯ ಕರ್ಪೂರದ ಗುಳಿಗೆಯ ವಾಸನೆ. ಇಷ್ಟು ದಿನ ಬೇಕು ಬೇಕು ಅಂದುಕೊಂಡದ್ದು ಸಿಕ್ಕಿತ್ತು. ಈಗ ಅಳು ಬರುತ್ತದೆ ಅಂತ ಕಾದೆ. ಹೊರಗೆ ಎಲ್ಲರೂ ಕಾದರು. ನೆಲದ ಮೇಲೆ ಅವರ ಪಾದಗಳು ಕಾಣುತ್ತಿದ್ದವು. ಬರಲಿಲ್ಲ.

ತಿಯೊಲಿನ್ ಬಟ್ಟೆಯ ಅಂಚಿಗೆ ಬಾಯಿ ತಂದು ಪಿಸುಗುಟ್ಟಿದಳು. "ಸ್ವಲ್ಪ ಆದ್ರೂ ಅಳು ಎದಾ. ಜನ ಏನಂತಾರೆ."

"ಬರ್ತಿಲ್ಲ ಕಣೆ."

"ಸರಿ, ನಾನೇ ಅಳ್ತೀನಿ," ಅಂದಳು. ನಿಜಕ್ಕೂ ಗೊಳೋ ಅಂತ ಅತ್ತಳು, ನನ್ನ ಪಾಲಿನದೂ ಸೇರಿಸಿ. ಆ ಬಟ್ಟೆಯ ಕೆಳಗೆ ನನಗೆ ನಗು ಬಂತು, ಅದನ್ನು ಯಾರಿಗೂ ಹೇಳಿಲ್ಲ.

ಸಂಜೆ ಎಲ್ಲರೂ ಹೋದರು. ತಿಯೊಲಿನ್ ಮಾಡಿಟ್ಟು ಹೋಗಿದ್ದ ಮೀನಿನ ಸಾರು ಒಲೆಯ ಮೇಲಿತ್ತು. ಅತ್ತೆ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಬರಿ ಹೆಗಲಿನಲ್ಲಿ, ಆಗಾಗ ಅಲ್ಲಿ ಕೈಯಾಡಿಸಿ ನೋಡಿಕೊಳ್ಳುತ್ತಿದ್ದರು. ಅವರು ಏಳುವ ಹಾಗೆ ಕಾಣಲಿಲ್ಲ. ತುಜುಂಗನ್ನು ಮುಖದಿಂದ ಸ್ವಲ್ಪ ಹಿಂದೆ ಸರಿಸಿಕೊಂಡು ಊಟಕ್ಕೆ ನಾನೇ ಇಟ್ಟೆ. ಅನ್ನ ಬಡಿಸಿದೆ, ಸಾರು ಹಾಕಿದೆ, ಮೀನಿನ ತಲೆ ಎತ್ತಿ ಹಾಕಿದೆ, ಮುಚ್ಚಲು ತಟ್ಟೆ ಹುಡುಕಿದೆ.

ಅತ್ತೆ ನನ್ನ ಕೈ ಹಿಡಿದರು.

ನೋಡಿದರೆ ನಾನು ಮೂರು ತಟ್ಟೆ ಇಟ್ಟಿದ್ದೆ. ಎಂಟು ತಿಂಗಳಲ್ಲಿ ಒಂದು ದಿನವೂ ಆ ಮೂರನೆಯ ತಟ್ಟೆ ಇಟ್ಟವಳು ನಾನಲ್ಲ, ಅದನ್ನು ಹಂದಿಗೆ ಸುರಿದವಳು ನಾನು.

ಅತ್ತೆ ಆ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಅನ್ನದಲ್ಲಿ ಅರ್ಧವನ್ನು ನನ್ನ ತಟ್ಟೆಗೆ, ಅರ್ಧವನ್ನು ತಮ್ಮ ತಟ್ಟೆಗೆ ಹಾಕಿದರು. ಮೀನಿನ ತಲೆಯನ್ನು ನನಗೆ ಹಾಕಿದರು. ಖಾಲಿ ತಟ್ಟೆಯನ್ನು ಉಟ್ಟ ಬಟ್ಟೆಯ ಅಂಚಿನಿಂದ ಒರೆಸಿದರು, ಒಂದು ಸಲ, ಎರಡು ಸಲ, ಎದ್ದು ಹೋಗಿ ಗೂಡಿನಲ್ಲಿ ಬೋರಲು ಇಟ್ಟು ಬಂದರು.

"ಎರಡು ಸಾಕು ಕಣೇ," ಅಂದರು. "ಉಣ್ಣು."

ಒಂದು ತುತ್ತು ಬಾಯಿಗಿಟ್ಟೆ. ಆಗ ನನಗೆ ಅಳು ಬಂತು. ಅತ್ತೆ ಎಂಜಲು ಕೈಯಲ್ಲೇ ನನ್ನ ತುಜುಂಗನ್ನು ಮುಖದ ಮೇಲೆ ಎಳೆದು ಸರಿಮಾಡಿದರು.